ಸಸ್ಪೆನ್ಸ್: ಗುಟ್ಟಿಗೆ ಅಂಟಿಸಿದ ತಪ್ಪು ಚೀಟಿ

ನಮ್ಮ ವಾಟ್ಸಾಪ್ ಗುಂಪಿಗೆ ಹೊಸ ಸಿನಿಮಾ ಒಂದರ ಜಾಹೀರಾತು ಬಂದಿದೆ. ಒಬ್ಬನ ಹೆಸರು, ಮನೆ, ನೆನಪು ಎಲ್ಲವನ್ನೂ ಇನ್ನೊಬ್ಬ ಕದಿಯುವ ಕಥೆಯಂತೆ. ಕೆಳಗೆ ದಪ್ಪಕ್ಷರದಲ್ಲಿ, ಸಸ್ಪೆನ್ಸನ್ನು ಕೊನೆಯ ಹತ್ತು ನಿಮಿಷದವರೆಗೆ ಬಚ್ಚಿಟ್ಟಿದ್ದೇವೆ ಅಂತ ಬರೆದಿದ್ದಾರೆ. ಬಚ್ಚಿಟ್ಟರೆ ಅದು ಸಸ್ಪೆನ್ಸ್ ಹೇಗಾಗುತ್ತದೆ ಮಾರಾಯ್ರೆ? ಅದರ ಬೆನ್ನಿಗೇ ಸಾಲು ಸಾಲು ಕೋರಿಕೆ: ನೋಡಿದವರು ದಯವಿಟ್ಟು ಸಸ್ಪೆನ್ಸ್ ಹೇಳಬೇಡಿ, ನಾವು ಭಾನುವಾರ ಮಂಗಳೂರಿಗೆ ಹೋಗುವವರಿದ್ದೇವೆ. (ಕಾಸರಗೋಡಿನವರಿಗೆ ಕನ್ನಡ ಸಿನಿಮಾ ಎಂದರೆ ಹೆಚ್ಚಾಗಿ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಕೆಲಸ. ಅದು ಬೇರೆ ದುಃಖ.)

ಪದ ಕನ್ನಡದ್ದೇ ಆಗಿಹೋಗಿದೆ, ಅದಕ್ಕೆ ತಕರಾರಿಲ್ಲ. ಅದನ್ನು ಬರೀ 'ಗುಟ್ಟು' ಎಂಬ ಅರ್ಥದಲ್ಲಿ ಬಳಸಿ ಬಳಸಿ ಸವೆಸಿದ್ದೇವೆ, ತಕರಾರು ಅದರ ಬಗ್ಗೆ. ಹುಟ್ಟುಹಬ್ಬಕ್ಕೆ ಏನು ತಂದಿದ್ದೀ ಎಂದರೆ 'ಸಸ್ಪೆನ್ಸ್'. ಹುಡುಗಿ ಯಾವ ಊರಿನವಳು ಎಂದರೆ 'ಈಗ ಹೇಳುದಿಲ್ಲ, ಸಸ್ಪೆನ್ಸ್'. ನೆರೆಯ ಮಲಯಾಳಿಗಳೂ ಕಡಿಮೆಯಿಲ್ಲ. ಯಾರಾದರೂ ಬಾಯಿ ತಪ್ಪಿ ಕ್ಲೈಮ್ಯಾಕ್ಸ್ ಹೇಳಿದರೆ 'ಸಸ್ಪೆನ್ಸ್ ಪೊಳಿಚ್ಚು' ಅನ್ನುತ್ತಾರೆ, ಸಸ್ಪೆನ್ಸ್ ಒಡೆದುಹಾಕಿದ ಅಂತ. ಎರಡೂ ಭಾಷೆ ಮಾತಾಡುವ ಬಸ್ಸಿನಲ್ಲಿ ಓಡಾಡುವ ನಮ್ಮ ಕಿವಿಗೆ ಈ ತಪ್ಪು ಎರಡೆರಡು ಸಲ ಬೀಳುತ್ತದೆ.

ಗುಟ್ಟು ಒಡೆಯುತ್ತದೆ. ಸಸ್ಪೆನ್ಸ್ ನೇತಾಡುತ್ತದೆ.

ಪದದ ಹುಟ್ಟಿನಲ್ಲೇ ಈ ನೇತಾಟ ಇದೆ. ಲ್ಯಾಟಿನ್ನಿನ 'ಪೆಂಡೆರೆ' ಎಂದರೆ ತೂಗುಹಾಕು. ಅದರ ಮುಂದೆ 'ಸುಬ್' ಸೇರಿ 'ಸುಸ್ಪೆಂಡೆರೆ' ಆಯಿತು, ಎತ್ತಿ ತೂಗುಹಾಕು ಎಂದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಕೋರ್ಟು ಕಚೇರಿಯ ಮಾತಾಗಿತ್ತು. ತೀರ್ಮಾನವಾಗದೆ ನಿಂತ ವಿಷಯಕ್ಕೆ ಹಾಗೆನ್ನುತ್ತಿದ್ದರು. ಸಿನಿಮಾ ಹುಟ್ಟುವುದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನ ಸಂಗತಿ ಇದು. ಪೆಂಡಿಂಗ್, ಪೆಂಡೆಂಟ್, ಪೆಂಡುಲಂ, ಸಸ್ಪೆಂಡ್ ಎಲ್ಲವೂ ಅದೇ ಮನೆತನದವು. ಸಸ್ಪೆಂಡ್ ಆದ ನೌಕರನನ್ನು ನೋಡಿ. ಕೆಲಸ ಹೋಗಿಲ್ಲ. ಇದೆ ಎನ್ನುವ ಹಾಗೂ ಇಲ್ಲ. ಕನ್ನಡದ ಕಚೇರಿಗಳು ಅದಕ್ಕೆ 'ಅಮಾನತು' ಎಂಬ ಅರಬ್ಬಿ ಮೂಲದ ಪದ ಹಿಡಿದುಕೊಂಡಿವೆ. ಜೋಪಾನವಾಗಿರಲಿ ಎಂದು ಇನ್ನೊಬ್ಬರ ವಶಕ್ಕೆ ಕೊಟ್ಟದ್ದು ಎಂಬುದು ಅದರ ಅಸಲು ಅರ್ಥ. ಆ ನೌಕರ ಯಾರ ಜೋಪಾನದಲ್ಲಿದ್ದಾನೋ, ಪಾಪ.

ಲೆಕ್ಕ ಬರೆಯುವವರ 'ಸಸ್ಪೆನ್ಸ್ ಅಕೌಂಟ್' ಇನ್ನೂ ಸ್ಪಷ್ಟ. ಲೆಕ್ಕ ತಾಳೆಯಾಗದೆ ಉಳಿದ ಮೊತ್ತವನ್ನು ಆ ಖಾತೆಗೆ ಹಾಕಿಡುತ್ತಾರೆ. ಎಷ್ಟು ಎಂದು ಪೈಸೆ ಸಮೇತ ಗೊತ್ತು. ಯಾವ ಖಾತೆಗೆ ಸೇರಬೇಕು ಎಂಬುದಷ್ಟೇ ಬಾಕಿ. ಸಹಕಾರಿ ಬ್ಯಾಂಕಿನ ಗುಮಾಸ್ತರು ಈ ಪದವನ್ನು ಸಿನಿಮಾದವರಿಗಿಂತ ಸರಿಯಾಗಿ ಬಳಸುತ್ತಾರೆ.

ಇದೇ ಲ್ಯಾಟಿನ್ ಬೇರಿಗೆ ತಕ್ಕಡಿಯಲ್ಲಿ ತೂಗು ಎಂಬ ಅರ್ಥವೂ ಇದೆ. ಹಿಂದೆ ಹಣವನ್ನು ತೂಗಿ ಕೊಡುತ್ತಿದ್ದರಲ್ಲ, ಅದರಿಂದ ಪೆನ್ಷನ್ ಹುಟ್ಟಿತು, ಎಕ್ಸ್‌ಪೆನ್ಸ್ ಕೂಡ ಹುಟ್ಟಿತು. ನಮ್ಮ 'ತೂಗು' ಬೇರೆಯೇ ಕುಟುಂಬದ ಪದ. ಆದರೂ ಹಾದಿ ಅದೇ. ತೊಟ್ಟಿಲನ್ನೂ ತೂಗುತ್ತೇವೆ, ಅಡಿಕೆಯನ್ನೂ ತೂಗುತ್ತೇವೆ. ಮಲಯಾಳದಲ್ಲಿ 'ತೂಕ್ಕಂ' ಎಂದರೆ ತೂಕ, 'ತೂಕ್ಕುಪಾಲಂ' ಎಂದರೆ ತೂಗುಸೇತುವೆ. ತಕ್ಕಡಿ ನೇತಾಡುವುದನ್ನು ನೋಡಿದ ಎಲ್ಲರಿಗೂ ಒಂದೇ ಯೋಚನೆ ಬಂದಿರಬೇಕು. ಕನ್ನಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದೇ ಬೇರಿನಿಂದ 'ತೂಕಡಿಸು' ಎಂಬುದನ್ನೂ ಮಾಡಿಕೊಂಡಿದೆ. ಸಸ್ಪೆನ್ಸ್ ಎಂದು ಹೇಳಿಕೊಂಡು ಬರುವ ಎಷ್ಟೋ ಸಿನಿಮಾಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಸುಳ್ಯದ ಗಿರೀಶ್ ಭಾರದ್ವಾಜ್ ಕಟ್ಟಿದ ತೂಗುಸೇತುವೆಗಳಲ್ಲಿ ಒಂದನ್ನಾದರೂ ದಾಟಿದವರು ನಮ್ಮ ಕಡೆ ತುಂಬ ಜನ. (2017ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ.) ಅಂಥ ಸೇತುವೆಯಲ್ಲಿ ಆಚೆ ದಡ ಕಣ್ಣೆದುರಿಗೇ ಇರುತ್ತದೆ. ಹೊಳೆ ಕಾಲ ಕೆಳಗೆ ಕಾಣುತ್ತದೆ. ಬಚ್ಚಿಟ್ಟದ್ದು ಏನೂ ಇಲ್ಲ. ಆದರೂ ನಡುಮಧ್ಯಕ್ಕೆ ಬಂದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅಲ್ವಾ? ಸಸ್ಪೆನ್ಸ್ ಎಂದರೆ ಅದು. ಅದಕ್ಕೆ ಬೇಕಾಗುವುದು ತಿಳಿವಳಿಕೆ. ಏನು ಆಗಬಹುದು ಎಂದು ಗೊತ್ತಿದ್ದವನಿಗೆ ಮಾತ್ರ ಹೆದರಿಕೆ.

ಇದನ್ನು ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ಎಂದೋ ಬಿಡಿಸಿ ಹೇಳಿ ಮುಗಿಸಿದ್ದಾರೆ. ಫ್ರೆಂಚ್ ನಿರ್ದೇಶಕ ತ್ರುಫೋ 1962ರಲ್ಲಿ ಅವರ ಜೊತೆ ದಿನಗಟ್ಟಲೆ ಮಾತಾಡಿದ್ದರು, ಅದು 1966ರಲ್ಲಿ ಪುಸ್ತಕವಾಯಿತು. ಅದರಲ್ಲಿ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಇದೆ. ಇಬ್ಬರು ಕೂತು ಹರಟುತ್ತಿದ್ದಾರೆ, ತಟಕ್ಕನೆ ಬಾಂಬ್ ಸಿಡಿಯುತ್ತದೆ. ಪ್ರೇಕ್ಷಕನಿಗೆ 15 ಸೆಕೆಂಡಿನ ಆಶ್ಚರ್ಯ. ಅದೇ ಬಾಂಬ್ ಇಡುವುದನ್ನು ಮೊದಲೇ ತೋರಿಸಿ, ಗೋಡೆ ಗಡಿಯಾರವನ್ನೂ ತೋರಿಸಿ. ಅದೇ ಸಪ್ಪೆ ಹರಟೆಗೆ ಈಗ 15 ನಿಮಿಷದ ಸಸ್ಪೆನ್ಸ್. ಮಾತು ಸಾಕು, ಎದ್ದು ಓಡಿ ಎಂದು ಕೂಗಬೇಕು ಅನಿಸುತ್ತದೆ. ಸಾಧ್ಯವಾದಷ್ಟೂ ಪ್ರೇಕ್ಷಕನಿಗೆ ಮೊದಲೇ ತಿಳಿಸಿಬಿಡಬೇಕು ಎಂಬುದು ಅವರ ಲೆಕ್ಕ.

ಅಂದಮೇಲೆ 'ಸಸ್ಪೆನ್ಸ್ ಹೇಳಿಬಿಟ್ಟ' ಎಂಬ ದೂರು ಹೇಗೆ ನಿಲ್ಲುತ್ತದೆ? ಹೇಳಿದ ಮೇಲೆ ತಾನೇ ಅದು ಶುರುವಾಗುವುದು.

ಗುರುತು ಕದಿಯುವ ಕಥೆಗೇ ಬರೋಣ. ನಮ್ಮೂರಿನದೇ ಒಂದು ಕಲ್ಪಿಸಿಕೊಳ್ಳಿ. ಬದಿಯಡ್ಕದ ಕಡೆಯ ಒಂದು ಮನೆ. ಮಗ ಗಲ್ಫಿಗೆ ಹೋಗಿ ಹದಿನೈದು ವರ್ಷ. ತಾಯಿಗೆ ಕಣ್ಣು ಮಂಜು, ನೆನಪೂ ಸ್ವಲ್ಪ ಮಂಜು. ಒಂದು ದಿನ ಮಗ ಬರುತ್ತಾನೆ. ಗಡ್ಡ ಬಿಟ್ಟಿದ್ದಾನೆ, ದಪ್ಪ ಆಗಿದ್ದಾನೆ. ಅವನು ಮಗನೇ ಅಲ್ಲ ಎಂಬುದನ್ನು ಕೊನೆಯಲ್ಲಿ ಹೇಳಿದರೆ ನಮಗೆ ಒಂದು ಸಲ 'ಹಾ!' ಅನಿಸುತ್ತದೆ. ಅಷ್ಟಕ್ಕೆ ಮುಗಿಯಿತು.

ಈಗ ಇನ್ನೊಂದು ರೀತಿ. ಅಬುಧಾಬಿಯ ಒಂದು ಕೋಣೆಯಲ್ಲಿ ಅಸಲು ಮಗ ತನ್ನ ರೂಮ್‌ಮೇಟಿನ ಹತ್ತಿರ ಮನೆ ಸುದ್ದಿ ಹೇಳುತ್ತಿರುವುದನ್ನು ಮೊದಲೇ ನೋಡಿದ್ದೇವೆ. ಹಾಗಲಕಾಯಿ ಎಂದರೆ ಚಿಕ್ಕಂದಿನಿಂದ ವಾಕರಿಕೆ ಎಂದು ಅವನು ಹೇಳುವಾಗ ರೂಮ್‌ಮೇಟ್ ಫೋನ್ ನೋಡುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಆ ರೂಮ್‌ಮೇಟೇ ಈಗ ಊಟಕ್ಕೆ ಕೂತಿದ್ದಾನೆ. ತಾಯಿ ಬಾಳೆಲೆಯ ತುದಿಗೆ ಉಪ್ಪಿನಕಾಯಿ ಹಾಕುತ್ತಾರೆ, ಪಲ್ಯ ಬಡಿಸುತ್ತಾರೆ. ಯಾರಿಗೋ ಮಾಡಿದ ಹಾಗಲಕಾಯಿ ಮೆಣಸ್ಕಾಯಿ ಪಾತ್ರೆಯಲ್ಲಿದೆ. ಇವನು ಅದರ ಕಡೆ ಕೈ ತೋರಿಸಿ, 'ಅದು ಒಂದು ಚೂರು ಹಾಕಮ್ಮಾ' ಅನ್ನುತ್ತಾನೆ. ಸೌಟು ಹಿಡಿದ ಕೈ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಬಡಿಸುತ್ತಾರೆ. ಅವರಿಗೆ ಗೊತ್ತಾಯಿತೋ, ಕೈ ಸೋತು ನಿಂತದ್ದೋ? ಬಂದೂಕು ಬೇಡ, ಮಳೆ ಬೇಡ, ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುವುದು ಬೇಡ. ಒಂದು ಸೌಟು ಮೆಣಸ್ಕಾಯಿ ಸಾಕು.

ಹಿಚ್‌ಕಾಕ್ ಹೇಳಿದ್ದನ್ನು ಮಾಡಿಯೂ ತೋರಿಸಿದವರು. 1958ರ 'ವರ್ಟಿಗೊ' ಇಂಥದ್ದೇ ಕಥೆ. ಒಬ್ಬ ಹೆಂಗಸು ಇನ್ನೊಬ್ಬಳ ವೇಷ ಹಾಕಿ ಬದುಕುತ್ತಾಳೆ, ಅವಳ ಹಿಂದೆ ಬಿದ್ದ ಮಾಜಿ ಪತ್ತೇದಾರನಿಗೆ ಸತ್ತವಳ ನೆನಪಿನಿಂದ ಬಿಡುಗಡೆಯಿಲ್ಲ. ಅದು ಇಬ್ಬರು ಫ್ರೆಂಚ್ ಲೇಖಕರು ಬರೆದ ಕಾದಂಬರಿಯಿಂದ ಬಂದದ್ದು. ಕಾದಂಬರಿಯಲ್ಲಿ ಗುಟ್ಟು ಒಡೆಯುವುದು ಕೊನೆಯಲ್ಲಿ. ಸಿನಿಮಾದಲ್ಲಿ ಇನ್ನೂ ಮೂರನೇ ಒಂದು ಪಾಲು ಬಾಕಿ ಇರುವಾಗಲೇ ಆ ಹೆಂಗಸು ಕೂತು ಎಲ್ಲವನ್ನೂ ಒಪ್ಪಿಕೊಂಡು ಪತ್ರ ಬರೆಯುತ್ತಾಳೆ, ಹರಿದು ಎಸೆಯುತ್ತಾಳೆ. ನಮಗೆ ಗೊತ್ತಾಯಿತು, ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವಳು ಕೂದಲು ಬಾಚುವುದೂ, ಸರ ಹಾಕಿಕೊಳ್ಳುವುದೂ ಎದೆ ಢವಢವ ಅನಿಸುವ ಕೆಲಸ. (ಇಷ್ಟು ಹಳೆಯ ಸಿನಿಮಾದ ಗುಟ್ಟು ಹೇಳಿದ್ದಕ್ಕೆ ಯಾರೂ ಸಿಟ್ಟಾಗಬಾರದು.)

ನಮ್ಮವರಿಗೆ ಇದನ್ನು ಹೇಳಿಕೊಡಲು ಹಾಲಿವುಡ್ಡಿಗೆ ಹೋಗಬೇಕಾಗಿಯೂ ಇಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಹುಟ್ಟಿದ ನೆಲ ಇದು. ಮಾರೀಚ ರಾಮನ ದನಿ ಕದ್ದು 'ಹಾ ಸೀತಾ, ಹಾ ಲಕ್ಷ್ಮಣಾ' ಎಂದು ಕೂಗುತ್ತಾನೆ. ರಾವಣ ಸನ್ಯಾಸಿಯ ವೇಷದಲ್ಲಿ ಬಂದು ನಿಲ್ಲುತ್ತಾನೆ. ಬಯಲಲ್ಲಿ ಕೂತ ಒಬ್ಬನಿಗಾದರೂ ಮುಂದೇನು ಎಂದು ಗೊತ್ತಿಲ್ಲದೆ ಇರುತ್ತದೆಯೇ? ಅಜ್ಜಿಯ ಮಡಿಲಲ್ಲಿ ನಿದ್ದೆಗಣ್ಣಲ್ಲಿರುವ ಮಗುವಿಗೂ ಗೊತ್ತು. ಆದರೂ ಸೀತೆ ಹೆಜ್ಜೆ ಮುಂದಿಡುವಾಗ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯ ಹತ್ತಿರ ಚಹಾ ಕುಡಿಯುತ್ತಿದ್ದವರೂ ತಿರುಗಿ ನೋಡುತ್ತಾರೆ. ವಿರಾಟನಗರದ ಕಥೆಯಂತೂ ಪೂರ್ತಿ ಸುಳ್ಳು ಗುರುತುಗಳದ್ದೇ. ಕಂಕಭಟ್ಟ, ವಲಲ, ಬೃಹನ್ನಳೆ, ಸೈರಂಧ್ರಿ. ಸಿಕ್ಕಿಬಿದ್ದರೆ ಮತ್ತೆ ಕಾಡು. ಕೀಚಕ ಕತ್ತಲ ನಾಟ್ಯಶಾಲೆಗೆ ಹೂ ಮುಡಿದು ಬರುವಾಗ ಅಲ್ಲಿ ಮಲಗಿರುವುದು ಯಾರು ಎಂಬುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಅದನ್ನು ಗುಟ್ಟಾಗಿ ಇಟ್ಟಿದ್ದರೆ ಆ ದೃಶ್ಯ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಈಗ ಕೀಚಕನ ವೇಷಧಾರಿ ಅರ್ಧ ಗಂಟೆ ಶೃಂಗಾರ ಕುಣಿದರೂ ಯಾರೂ ಏಳುವುದಿಲ್ಲ.

ನೆನಪು ಕದಿಯುವ ಕಥೆಗೆ ಶಾಕುಂತಲವನ್ನು ಮೀರಿದ್ದು ಇಲ್ಲ ಎಂಬುದು ನನ್ನ ಹಟ. ಮಹಾಭಾರತದಲ್ಲಿ ದುಷ್ಯಂತನಿಗೆ ಮರೆವು ಇಲ್ಲವೇ ಇಲ್ಲ. ನೆನಪಿದ್ದೂ ಸಭೆಯಲ್ಲಿ 'ಯಾರು ನೀನು' ಅನ್ನುತ್ತಾನೆ. ಅದು ಸುಳ್ಳು, ಅಷ್ಟೇ. ಕಾಳಿದಾಸ ದೂರ್ವಾಸನ ಶಾಪವನ್ನು ತಂದ, ಉಂಗುರವನ್ನು ತಂದ. ಅದಕ್ಕಿಂತ ಜಾಣತನ ಎಂದರೆ, ಆ ಶಾಪವನ್ನು ಯಾರ ಕಿವಿಗೆ ಹಾಕಿದ ಎಂಬುದು. ಕೇಳಿಸಿಕೊಂಡವರು ಅನಸೂಯೆ, ಪ್ರಿಯಂವದೆ ಮತ್ತು ನಾವು. ಶಕುಂತಲೆಗೆ ಗೊತ್ತಿಲ್ಲ, ರಾಜನಿಗೂ ಗೊತ್ತಿಲ್ಲ. ಗೆಳತಿಯರು ಹೇಳುವುದೂ ಇಲ್ಲ, ಹೊರಡುವಾಗ ಉಂಗುರ ತೋರಿಸು ಎಂದಷ್ಟೇ ಹೇಳಿ ಕಳಿಸುತ್ತಾರೆ. ಐದನೇ ಅಂಕದ ಆರಂಭದಲ್ಲಿ ಹಂಸಪದಿಕೆಯ ಹಾಡು ಕೇಳಿ ರಾಜನಿಗೆ ಸುಮ್ನೆ ಎದೆ ಭಾರವಾಗುತ್ತದೆ. ಯಾಕೆಂದು ಅವನಿಗೆ ತಿಳಿಯದು, ನಮಗೆ ತಿಳಿದಿದೆ. ಆಮೇಲೆ ಅವಳು ಬೆರಳು ಮುಟ್ಟಿ ನೋಡಿಕೊಂಡರೆ ಉಂಗುರ ಇಲ್ಲ. ಗುಟ್ಟೆಲ್ಲ ಮೊದಲೇ ನಮ್ಮ ಕೈಗೆ ಕೊಟ್ಟು, ಕೈಕಟ್ಟಿ ಕೂರಿಸಿದ ನಾಟಕ ಅದು.

ಮರೆವಿನ ಸಿನಿಮಾಗಳ ಬಗ್ಗೆಯೂ ಒಂದು ಮಾತು. ತಲೆಗೆ ಏಟು ಬಿದ್ದು ಹೆಸರೇ ಮರೆಯಿತು, ಇನ್ನೊಂದು ಏಟು ಬಿದ್ದು ನೆನಪಾಯಿತು ಎಂಬುದು ಸಿನಿಮಾದ ವೈದ್ಯಶಾಸ್ತ್ರ. ನಿಜವಾದ ಏಟಿಗೆ ಹೋಗುವುದು ಹೆಚ್ಚಾಗಿ ಏಟಿನ ಆಚೀಚಿನ ನೆನಪು, ಹೆಸರು ಹೋಗುವುದು ಅಪರೂಪ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗಕ್ಕೆಂದು ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರಿಗೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲಲೇ ಇಲ್ಲ. ಆದರೆ ತಾನು ಯಾರು, ಬಾಲ್ಯ ಹೇಗಿತ್ತು ಎಂಬುದು ಗೊತ್ತಿತ್ತು. 2008ರಲ್ಲಿ ತೀರಿಕೊಳ್ಳುವ ತನಕವೂ ಹಾಗೇ. ಕಥೆ ಬರೆಯುವವರಿಗೆ ಈ ಎರಡು ಮರೆವೂ ಒಂದೇ ಅಲ್ಲ. 'ನಾನು ಯಾರು' ಎಂದು ನಾಯಕ ಕೇಳಿ, ನಮಗೂ ಉತ್ತರ ಗೊತ್ತಿಲ್ಲದಿದ್ದರೆ ಅದು ಪತ್ತೇದಾರಿ. ಅವನ ಜೊತೆ ನಾವೂ ಹುಡುಕುತ್ತೇವೆ. ಹತ್ತು ನಿಮಿಷದ ಹಿಂದಿನದ್ದು ಅವನಿಗೆ ಮರೆತುಹೋಗಿ ನಮಗೆ ನೆನಪಿದ್ದರೆ, ಆಗ ಸಸ್ಪೆನ್ಸ್. ತನ್ನನ್ನು ಹೊಡೆದವನ ಕೈಯಿಂದಲೇ ಅವನು ನೀರಿನ ಲೋಟ ತೆಗೆದುಕೊಳ್ಳುತ್ತಾನೆ, ಥ್ಯಾಂಕ್ಸ್ ಬೇರೆ ಹೇಳುತ್ತಾನೆ.

'ಥ್ರಿಲ್ಲರ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಥ್ರಿಲ್' ಎಂಬುದರ ಹಳೆಯ ಅರ್ಥ ತೂತು ಕೊರೆಯುವುದು. ಮೂಗಿನ ಹೊಳ್ಳೆಗೆ ಇಂಗ್ಲಿಷಿನಲ್ಲಿ 'ನಾಸ್ಟ್ರಿಲ್' ಅನ್ನುತ್ತಾರಲ್ಲ, ಅದರ ಬಾಲದಲ್ಲಿರುವುದೂ ಅದೇ ತೂತು. ನಮ್ಮ 'ರೋಮಾಂಚನ' ಮೈಯ ಹೊರಗೇ ನಿಲ್ಲುತ್ತದೆ, ಥ್ರಿಲ್ ಒಳಗೆ ನುಗ್ಗುತ್ತದೆ. ಸಸ್ಪೆನ್ಸ್ ಇಲ್ಲದೆಯೂ ಥ್ರಿಲ್ಲರ್ ಮಾಡಬಹುದು, ಬರೀ ಓಟ ಮತ್ತು ಹೊಡೆದಾಟದಲ್ಲಿ. ಮಾಡುತ್ತಲೂ ಇದ್ದಾರೆ.

ಕನ್ನಡದಲ್ಲಿ ಏನನ್ನಬೇಕು ಎಂದರೆ, ಬಚ್ಚಿಟ್ಟದ್ದಕ್ಕೆ 'ಗುಟ್ಟು' ಇದೆ, ಕಥೆ ಹೊರಳಿದ್ದಕ್ಕೆ 'ತಿರುವು' ಇದೆ, ಉಡುಗೊರೆಗೆ 'ಸರ್ಪ್ರೈಸ್' ಅಂದರೂ ನಡೆಯುತ್ತದೆ. ಸಸ್ಪೆನ್ಸಿಗೆ 'ಕುತೂಹಲ' ಅನ್ನುವವರಿದ್ದಾರೆ. ಅದು ತೆಳು, ಪಕ್ಕದ ಮನೆಗೆ ಬಂದ ಕಾರಿನ ಮೇಲೂ ಕುತೂಹಲವೇ. 'ತುದಿಗಾಲಲ್ಲಿ ನಿಲ್ಲುವುದು' ಹತ್ತಿರ ಬರುತ್ತದೆ. ಗಡಿಯವರು ಒಂದು ಕಡೆ ಮಾತ್ರ ಎಚ್ಚರ ಇರಬೇಕು. ಮಲಯಾಳದ ಪತ್ರಿಕೆಗಳು ಸಸ್ಪೆನ್ಸಿಗೆ 'ಉದ್ವೇಗಂ' ಎಂದು ಬರೆಯುತ್ತವೆ. ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಬೇಡಿ. ನಮ್ಮಲ್ಲಿ ಉದ್ವೇಗ ಎಂದರೆ ಚುನಾವಣೆ ಭಾಷಣದಲ್ಲಿ ಬರುವುದು, ಡಾಕ್ಟರು ಬಿಪಿ ಇದ್ದವರಿಗೆ ಬೇಡ ಅನ್ನುವುದು.