ಮತಯಂತ್ರದ ಪರೀಕ್ಷೆಗೆ ಏಜೆಂಟರು ಬರಬೇಕು

ಚಿತ್ರದುರ್ಗದಲ್ಲಿ ಮತಗಟ್ಟೆ ಸಿಬ್ಬಂದಿಗೆ ತರಬೇತಿ ಕೊಡುವಾಗ ಜಾಸ್ತಿ ಕೇಳಿಬರುವ ಪ್ರಶ್ನೆ: ‘ಸಾರ್, ಈ ಮಷಿನ್‌ಗೆ ಸರ್ಟಿಫಿಕೇಟ್ ಕೊಟ್ಟವರು ಯಾರು?’ ಕೇಳಲೇಬೇಕಾದ ಪ್ರಶ್ನೆ.

ಚುನಾವಣಾ ಆಯೋಗಕ್ಕೆ ಯಂತ್ರ ಮಾಡಿಕೊಡುವುದು ಎರಡೇ ಸರ್ಕಾರಿ ಕಂಪನಿ. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. ವಿನ್ಯಾಸವನ್ನು ಆಯೋಗದ ತಜ್ಞರ ಸಮಿತಿ ನೋಡುತ್ತದೆ. ಕೇಂದ್ರ ಐಟಿ ಸಚಿವಾಲಯದ ಗುಣಮಟ್ಟ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ.

ಅದು ಮಾದರಿಗೆ ಸಿಗುವ ಪ್ರಮಾಣಪತ್ರ. ಹೊಳಲ್ಕೆರೆಯ ಮತಗಟ್ಟೆಗೆ ಬರುವ ಯಂತ್ರ ಸರಿ ಇದೆಯಾ ಅಂತ ಜಿಲ್ಲೆಯಲ್ಲೇ ನೋಡಬೇಕು. ಇದಕ್ಕೆ ನಾವು ಎಫ್‌ಎಲ್‌ಸಿ, ಅಂದರೆ ಮೊದಲ ಹಂತದ ತಪಾಸಣೆ ಅನ್ನುತ್ತೇವೆ. ಕಂಪನಿ ಎಂಜಿನಿಯರುಗಳು ಒಂದೊಂದನ್ನೂ ಪರೀಕ್ಷಿಸಿ, ಕೆಟ್ಟದ್ದನ್ನು ಪಕ್ಕಕ್ಕಿಡುತ್ತಾರೆ. ಶೇ 5ರಷ್ಟು ಯಂತ್ರಗಳಲ್ಲಿ ದೊಡ್ಡ ಅಣಕು ಮತದಾನ: ಕೆಲವಕ್ಕೆ 500 ಮತ, ಕೆಲವಕ್ಕೆ 1000, ಇನ್ನು ಕೆಲವಕ್ಕೆ 1200. ಆಮೇಲೆ ಮತಗಳು ದಾಖಲಾಗುವ ಕಂಟ್ರೋಲ್ ಯೂನಿಟ್‌ಗೆ ಗುಲಾಬಿ ಬಣ್ಣದ ಪೇಪರ್ ಸೀಲ್. ಅದರ ಮೇಲೆ ಪಕ್ಷಗಳ ಪ್ರತಿನಿಧಿಗಳೂ ಸಹಿ ಹಾಕಬಹುದು. ನಾನು ಕಂಡ ಹಾಗೆ ಅವರ ಕುರ್ಚಿಗಳು ಮಧ್ಯಾಹ್ನದ ಹೊತ್ತಿಗೆ ಖಾಲಿ. ಇದು ನನಗೆ ನಿಜಕ್ಕೂ ನೋವು ತರುತ್ತದೆ. ಸೋತ ಮೇಲೆ ಅನುಮಾನ ಪಡುವವರು ಆವತ್ತು ಬಂದು ಕೂರಬೇಕಿತ್ತು, ಅಲ್ವಾ?

ವಿವಿಪ್ಯಾಟ್ ವಿಷಯ ಸ್ವಲ್ಪ ಬೇರೆ. ಕಂಟ್ರೋಲ್ ಯೂನಿಟ್‌ಗೆ ಗೊತ್ತಿರುವುದು ಬಟನ್ ಸಂಖ್ಯೆ ಮಾತ್ರ. ಚೀಟಿ ಮುದ್ರಿಸುವ ವಿವಿಪ್ಯಾಟ್‌ಗೆ ಅಭ್ಯರ್ಥಿಯ ಹೆಸರು, ಚಿಹ್ನೆ ಎರಡೂ ಬೇಕು. ಕಣದಲ್ಲಿ ಯಾರಿದ್ದಾರೆ ಅಂತ ಖಚಿತವಾದ ಮೇಲೆ ಅವನ್ನು ಸಿಂಬಲ್ ಲೋಡಿಂಗ್ ಯೂನಿಟ್ ಎಂಬ ಸಾಧನದಿಂದ ತುಂಬುತ್ತಾರೆ. ಜನರ ಅನುಮಾನ ಹುಟ್ಟುವುದು ಇಲ್ಲೇ. ಅದನ್ನು ಸುಮ್ನೆ ತಳ್ಳಿಹಾಕಬಾರದು.

2024ರ ಏಪ್ರಿಲ್ 26ರಂದು ನಮ್ಮ ಜಿಲ್ಲೆ ಮತ ಹಾಕುತ್ತಿದ್ದಾಗಲೇ ಸುಪ್ರೀಂ ಕೋರ್ಟ್ ಈ ಬಗ್ಗೆ ತೀರ್ಪು ಕೊಟ್ಟಿತು. ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆ ಬಿದ್ದುಹೋಯಿತು. ಮೇ 1ರಿಂದ ಬಳಸುವ ಲೋಡಿಂಗ್ ಯೂನಿಟ್‌ಗಳನ್ನು ಸೀಲ್ ಮಾಡಿ, ಫಲಿತಾಂಶದ ನಂತರ 45 ದಿನವಾದರೂ ಇಡಬೇಕು ಎಂದಿತು. ಎರಡನೇ, ಮೂರನೇ ಸ್ಥಾನ ಪಡೆದವರು 7 ದಿನದೊಳಗೆ ಲಿಖಿತವಾಗಿ ಕೇಳಿದರೆ, ವಿಧಾನಸಭಾ ಕ್ಷೇತ್ರಕ್ಕೆ ಶೇ 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ಇರುವ ಚಿಪ್) ತಪಾಸಣೆಯೂ ಆಗಬೇಕು. ಒಳ್ಳೆಯ ಹೆಜ್ಜೆ, ಬೇಗ ಬಂದಿದ್ದರೆ ಇನ್ನೂ ಚೆನ್ನಾಗಿತ್ತು.

ಅಭ್ಯರ್ಥಿಗಳ ಏಜೆಂಟರಿಗೆ ನಾನು ಹೇಳುವುದಿಷ್ಟು. ಚಿಹ್ನೆ ತುಂಬುವಾಗ ಮಾನಿಟರ್‌ನಲ್ಲಿ ತೋರಿಸುತ್ತಾರೆ, ಕಣ್ಣಿಟ್ಟು ನೋಡಿ. ಯಾವ ಮತಗಟ್ಟೆಗೆ ಯಾವ ಯಂತ್ರ ಎಂಬ ಪಟ್ಟಿಯನ್ನು ಅಭ್ಯರ್ಥಿಗೆ ಕೊಟ್ಟಿರುತ್ತಾರೆ, ಅದನ್ನು ಜೇಬಿನಲ್ಲಿಟ್ಟುಕೊಂಡೇ ಬನ್ನಿ. ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ 50 ಮತಗಳ ಅಣಕು ಮತದಾನ ಇರುತ್ತದೆ. ಪಟ್ಟಿಯ ನಂಬರ್ ಯಂತ್ರದ ನಂಬರಿಗೆ ಹೊಂದದಿದ್ದರೆ ಅಣಕು ಮತದಾನ ಶುರುವಾಗುವ ಮೊದಲೇ ಪ್ರಿಸೈಡಿಂಗ್ ಆಫೀಸರ್‌ಗೆ ಹೇಳಿ.