ಜಗಳೂರಿನ ನೀರು, ದಾವಣಗೆರೆಯ ಉಪನ್ಯಾಸ

ದಾವಣಗೆರೆಯಲ್ಲಿ ಆರೋಗ್ಯದ ಉಪನ್ಯಾಸಗಳಿಗೆ ಬರವಿಲ್ಲ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಯಿತು. 1979ರಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಬಂತು, 2009ರಲ್ಲಿ ವಿಶ್ವವಿದ್ಯಾಲಯ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ ಫ್ಲೋರೋಸಿಸ್. ಇಲ್ಲಿ ಅದರ ಬಗ್ಗೆ ಮಾತಾಡಲು ನಿಂತವರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಜಗಳೂರಿದೆ, ಆಚೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು. ಪರದೆ ಮೇಲೆ ಕಂದು ಕಲೆಯ ಹಲ್ಲುಗಳ ಫೋಟೊ ಬರುತ್ತದೆ, ಶೇಕಡಾವಾರು ಲೆಕ್ಕ ಬರುತ್ತದೆ, ಚಪ್ಪಾಳೆಯೂ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಕಾಯಿಲೆಗೆ ಕಾರಣ ಹುಡುಕುವ ಕೆಲಸ ಮುಗಿದು ಬಹಳ ಕಾಲವಾಗಿದೆ. ನಾವಿನ್ನೂ ಹಲ್ಲು ಎಣಿಸುತ್ತಿದ್ದೇವೆ.

ಕಥೆ ಶುರುವಾಗುವುದು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. 1901ರಲ್ಲಿ ಅಲ್ಲಿಗೆ ಹೋದ ದಂತವೈದ್ಯ ಫ್ರೆಡರಿಕ್ ಮೆಕೇ, ಊರಿನ ಜನರ ಹಲ್ಲುಗಳ ಮೇಲಿನ ಕಂದು ಕಲೆ ನೋಡಿ ತಲೆ ಕೆಡಿಸಿಕೊಂಡರು. ಕಾರಣ ಸಿಗಲು ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಚರ್ಚಿಲ್, ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದನ್ನು ಪತ್ತೆ ಮಾಡಿದರು. ಅದೇ ಫ್ಲೋರೈಡ್ ಸ್ವಲ್ಪವೇ ಇದ್ದರೆ ಹಲ್ಲು ಹುಳುಕಾಗುವುದು ಕಡಿಮೆ ಎಂಬುದೂ ಆಮೇಲೆ ಗೊತ್ತಾಯಿತು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ನಗರವು ನಲ್ಲಿಯ ನೀರಿಗೆ ಬೇಕಂತಲೇ ಫ್ಲೋರೈಡ್ ಬೆರೆಸಲು ಶುರು ಮಾಡಿತು. ಹಾಗಾಗಿ ದಾವಣಗೆರೆಯ ಡೆಂಟಲ್ ವಿದ್ಯಾರ್ಥಿ ಎರಡು ಪಾಠ ಒಟ್ಟಿಗೆ ಕಲಿಯಬೇಕು. ಪುಸ್ತಕದಲ್ಲಿ ಫ್ಲೋರೈಡ್ ಹಲ್ಲಿನ ಗೆಳೆಯ, ಜಗಳೂರಿನ ಕ್ಯಾಂಪಿನಲ್ಲಿ ಅದೇ ಶತ್ರು.

ನಮ್ಮ ದೇಶದಲ್ಲಿ ಇದು ಬರೀ ಹಲ್ಲಿನ ಮಾತಲ್ಲ, ಮೂಳೆಯ ಮಾತೂ ಹೌದು ಎಂದು 1937ರಲ್ಲೇ ಗೊತ್ತಾಗಿತ್ತು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ, ಬೆನ್ನು ಬಗ್ಗದೆ ಸೆಟೆದುಹೋದ ಜನರನ್ನು ಶಾರ್ಟ್ ಮತ್ತು ಅವರ ಜೊತೆಗಾರರು ಪರೀಕ್ಷಿಸಿ ವರದಿ ಬರೆದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಮಂಡಿ ಒಳಕ್ಕೆ ಬಾಗಿದ ಹುಡುಗರ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅಲ್ಲಿಗೆ ಕಾರಣ, ಲಕ್ಷಣ ಎರಡೂ ಗೊತ್ತಾಗಿದ್ದವು.

ಹಾಗಿದ್ದರೂ ನಮ್ಮ ಬಯಲುಸೀಮೆಯಲ್ಲಿ ಸಮಸ್ಯೆ ಜಾಸ್ತಿಯಾದದ್ದು ಯಾಕೆ? ಉತ್ತರ ಸ್ವಲ್ಪ ವಿಚಿತ್ರ. ಸಾರ್ವಜನಿಕ ಆರೋಗ್ಯದ ಒಂದು ಗೆಲುವೇ ಇದಕ್ಕೆ ದಾರಿ ಮಾಡಿತು. ಮೊದಲು ಜನ ಕೆರೆ, ಕಲ್ಯಾಣಿ, ಮೆಟ್ಟಿಲಿರುವ ಬಾವಿಯ ನೀರು ಕುಡಿಯುತ್ತಿದ್ದರು. ಕಾಲರಾ ಬರುತ್ತಿತ್ತು, ನಾರುಹುಣ್ಣು ಆಗುತ್ತಿತ್ತು. 1960ರ ದಶಕದ ಬರಗಾಲದ ನಂತರ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಬಂದವು, ಹಿಂದೆಯೇ ಕೈಪಂಪು ಬಂತು. ಜನ ಕೊಳಕು ನೀರು ಬಿಟ್ಟು ತಿಳಿನೀರಿಗೆ ಬಂದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಆ ತಿಳಿನೀರಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಇಲ್ಲಿನ ನೆಲದಡಿಯ ಗ್ರಾನೈಟು, ನೈಸ್ ಕಲ್ಲುಗಳ ಖನಿಜದಲ್ಲೇ ಫ್ಲೋರೈಡ್ ಇದೆ. ಮಳೆ ಕಡಿಮೆ, ಬಂಡೆಯ ಬಿರುಕಿನಲ್ಲಿ ನಿಂತ ನೀರು ಬೇಗ ಬದಲಾಗುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಾದರೆ ಇನ್ನಷ್ಟು ಫ್ಲೋರೈಡ್ ಕರಗುತ್ತದೆ. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಐನೂರು, ಆರುನೂರು ಅಡಿ ಕೊರೆಯತೊಡಗಿದ ಮೇಲೆ ನಾವು ಕುಡಿದದ್ದು ಹೀಗೆ ಕಲ್ಲಿನ ಸಂದಿಯಲ್ಲಿ ಹಳೆಯದಾದ ನೀರು. ಒಂದೇ ಊರಲ್ಲಿ ಗುಡಿ ಹತ್ತಿರದ ಬೋರು ಚೆನ್ನಾಗಿರಬಹುದು, ಶಾಲೆ ಹತ್ತಿರದ್ದು ಕೆಟ್ಟಿರಬಹುದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರಿ ಎನ್ನುತ್ತದೆ ನಮ್ಮ ಮಾನದಂಡ.

ಮೂಳೆಗೆ ತಗುಲಿದೆಯೇ ಎಂದು ಅಂದಾಜು ಮಾಡಲು ದೊಡ್ಡ ಯಂತ್ರವೇನೂ ಬೇಡ. ನೆಲದ ಮೇಲೆ ನಾಣ್ಯ ಇಟ್ಟು, ಮಂಡಿ ಮಡಚದೆ ಎತ್ತಿಕೊಳ್ಳಿ ಎನ್ನುತ್ತಾರೆ. ಗಲ್ಲವನ್ನು ಎದೆಗೆ ಮುಟ್ಟಿಸಿ ಎನ್ನುತ್ತಾರೆ. ಎರಡೂ ಕೈ ಎತ್ತಿ ತಲೆಯ ಹಿಂದೆ ಕಟ್ಟಿ ಎನ್ನುತ್ತಾರೆ. ಆಗದಿದ್ದರೆ ಮೂತ್ರ ಪರೀಕ್ಷೆ, ಎಕ್ಸ್‌ರೇ. ಮಂಡಿನೋವು ಅಂದರೆ ವಯಸ್ಸಾಯ್ತು ಎಂದು ಸುಮ್ನೆ ಕೂರುವವರೇ ಜಾಸ್ತಿ, ಅಲ್ವಾ? ಅದಕ್ಕೇ ಈ ಸರಳ ಪರೀಕ್ಷೆಗೆ ಬೆಲೆ. 2008-09ರಲ್ಲಿ ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಆದರೆ ಒಮ್ಮೆ ಸೆಟೆದುಹೋದ ಬೆನ್ನನ್ನು ಸರಿ ಮಾಡುವ ಔಷಧಿ ಇಲ್ಲ. ಹಾಲು, ಸೊಪ್ಪು, ನೆಲ್ಲಿಕಾಯಿ ಎಂದು ಊಟ ಸುಧಾರಿಸಬಹುದು, ನೀರು ಬದಲಿಸಬಹುದು, ಅಷ್ಟೇ.

ನೀರು ಬದಲಿಸುವ ಪ್ರಯತ್ನಕ್ಕೂ ಉದ್ದದ ಇತಿಹಾಸವಿದೆ. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ನಲ್ಗೊಂಡ ವಿಧಾನ ರೂಪಿಸಿತು. ಆಲಂ (ಪಟಿಕ), ಸುಣ್ಣ ಹಾಕಿ ಕಲಕಿ, ತಳಕ್ಕೆ ಕೂತ ಗಸಿ ಬಿಟ್ಟು ಮೇಲಿನ ನೀರು ಕುಡಿಯುವುದು. ವಿಧಾನ ಅಗ್ಗ. ಆದರೆ ದಿನಾ ಅಳತೆ ಹಾಕಿ ಕಲಕುವವರು ಯಾರು? ಆ ಗಸಿ ಎಲ್ಲಿ ಸುರಿಯುವುದು? ಆಮೇಲೆ ಬಂದದ್ದು ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ಕಳೆದ ದಶಕದಲ್ಲಿ ರಾಜ್ಯದ ಸಾವಿರಾರು ಹಳ್ಳಿಗಳಿಗೆ ಇದು ಬಂತು. ಜೊತೆಗೆ ನದಿ ನೀರಿನ ದಾರಿಯೂ ತೆರೆಯುತ್ತಿದೆ. ಜಗಳೂರಿಗೆ ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ ಇದೆ.

ಘಟಕದ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. ಕ್ಯಾನ್ ನೀರು ಕುಡಿಯಲು ಮಾತ್ರ. ಮುದ್ದೆಗೆ ಇಡುವ ಎಸರು, ಅನ್ನದ ನೀರು, ಸಾರು, ಚಹಾ ಎಲ್ಲಕ್ಕೂ ಅನೇಕ ಮನೆಗಳಲ್ಲಿ ಬೋರಿನ ನೀರೇ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇಲ್ಲಿ ಸಂಶೋಧಕರಿಗೆ ಹೊಸ ಕೆಲಸವೊಂದಿದೆ. ಮಗುವಿನ ಖಾಯಂ ಹಲ್ಲುಗಳ ಹೊರಪದರ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ. ಕಲೆ ಬೀಳುವುದೂ ಆಗಲೇ. ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳು ಈಗ ಮೂರನೇ, ನಾಲ್ಕನೇ ಕ್ಲಾಸಿನಲ್ಲಿದ್ದಾರೆ, ಬಾಯಿಯ ಮುಂಭಾಗದ ಖಾಯಂ ಹಲ್ಲು ಬಂದಿವೆ. ಅದೇ ಮನೆಯ ಅಣ್ಣ, ಅಕ್ಕಂದಿರ ಹಲ್ಲಿನ ಜೊತೆ ಅವನ್ನು ಹೋಲಿಸಿ ನೋಡಿದರೆ ಘಟಕ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯುತ್ತದೆ. ಹಾಗೆ ನೋಡಲು ಹೋದವರು ಮುದ್ದೆಗೆ ಯಾವ ನೀರು ಎಂಬ ಪ್ರಶ್ನೆಯನ್ನೂ ಫಾರಂನಲ್ಲಿ ಸೇರಿಸಿಕೊಳ್ಳಲಿ. ಅದನ್ನು ಕೇಳಬೇಕಾದದ್ದು ಅಡುಗೆ ಮಾಡುವವರನ್ನು.