ಅಪ್‌ಡೇಟ್ ಆದ ಮೇಲೆ ಕೆಟ್ಟದ್ದು, ಅಪ್‌ಡೇಟ್‌ನಿಂದ ಕೆಟ್ಟದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ದೂರುಗಳಲ್ಲಿ ಒಂದರ ಧಾಟಿ ಎಂದಿಗೂ ಬದಲಾಗುವುದಿಲ್ಲ: "ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದೆ ಅಣ್ಣಾ, ಬೆಳಿಗ್ಗೆ ನೋಡಿದರೆ ಫೋನ್ ಡೆಡ್." ದೂರಿನೊಳಗೇ ತೀರ್ಪೂ ಅಡಗಿದೆ; ಅಪರಾಧಿ ಅಪ್‌ಡೇಟ್. ಅಂಗಡಿಯವರು ಅದನ್ನು ಒಪ್ಪಿಕೊಂಡು "ಸಾಫ್ಟ್‌ವೇರ್ ಹೊಡೀಬೇಕು" ಎನ್ನುತ್ತಾರೆ, ಫೋನು ಫ್ಲ್ಯಾಶ್ ಆಗುತ್ತದೆ, ಅಂದರೆ ಅದರ ಸಾಫ್ಟ್‌ವೇರ್ ಹೊಸದಾಗಿ ಬರೆಯಲ್ಪಡುತ್ತದೆ, ಕೆಲವೊಮ್ಮೆ ಬದುಕುತ್ತದೆ, ಕೆಲವೊಮ್ಮೆ ಎರಡು ದಿನ ನಡೆದು ಮತ್ತೆ ಮಲಗುತ್ತದೆ. ಹಾಗೆ ಮತ್ತೆ ಮಲಗುವ ಫೋನುಗಳ ವಿಷಯದಲ್ಲಿ ಅಪ್‌ಡೇಟ್ ಮತ್ತು ಕೇಡಿನ ಸಂಬಂಧ ಬಹುಮಟ್ಟಿಗೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವಷ್ಟೇ. ಆದರೆ ಪೂರ್ತಿ ಅಷ್ಟೇ ಎಂದೂ ಹೇಳುವಂತಿಲ್ಲ, ಏಕೆಂದರೆ ಇಲ್ಲಿ ಕಾಗೆಗೂ ಸ್ವಲ್ಪ ತೂಕವಿದೆ.

ಅಪ್‌ಡೇಟ್ ನಡೆಯುವ ಹೊತ್ತಿನಲ್ಲಿ ಫೋನಿನೊಳಗೆ ಆಗುವುದನ್ನು ಗಮನಿಸಿದರೆ ಈ ತೂಕ ತಿಳಿಯುತ್ತದೆ. ಹಲವು ಗಿಗಾಬೈಟ್‌ಗಳಷ್ಟು ಮಾಹಿತಿ ಸ್ಟೋರೇಜ್ ಚಿಪ್‌ನ ಮೇಲೆ ಒಂದೇ ಸಮನೆ ಬರೆಯಲ್ಪಡುತ್ತದೆ, ಬರೆದದ್ದು ಸರಿಯಿದೆಯೇ ಎಂದು ಪ್ರೊಸೆಸರ್ ಲೆಕ್ಕ ಹಾಕಿ ತಾಳೆ ನೋಡುತ್ತದೆ, ಇದೆಲ್ಲ ನಡೆಯುವಾಗ ಚಾರ್ಜರ್ ಸಿಕ್ಕಿಸಿಯೇ ಇರುವುದರಿಂದ ಶಾಖ ಏರುತ್ತದೆ, ಕೊನೆಗೆ ತಿಂಗಳುಗಟ್ಟಲೆ ಪೂರ್ತಿ ಆಫ್ ಆಗದೇ ಇದ್ದ ಫೋನು ಮೊದಲಿನಿಂದ ಬೂಟ್ ಆಗಬೇಕಾಗುತ್ತದೆ. ಬೋರ್ಡಿನ ಯಾವುದೋ ಬೆಸುಗೆ ಸಡಿಲವಾಗಿದ್ದರೆ, ಬ್ಯಾಟರಿ ಸೋತಿದ್ದರೆ, ಸ್ಟೋರೇಜ್ ಚಿಪ್ ಸವೆದಿದ್ದರೆ, ದಿನನಿತ್ಯದ ಹಗುರ ಬಳಕೆಯಲ್ಲಿ ಮುಚ್ಚಿಕೊಂಡಿದ್ದ ಆ ದೋಷ ಹೊರಬೀಳಲು ಇದಕ್ಕಿಂತ ತಕ್ಕ ಸಂದರ್ಭ ಬೇರೆಯಿಲ್ಲ.

ಅಪ್‌ಡೇಟ್ ಮುಗಿದ ಮೇಲಿನ ಮೊದಲ ಕೆಲವು ದಿನ ಫೋನು ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ರೋಗವೇ ಅಲ್ಲ. ಆಂಡ್ರಾಯ್ಡ್ ಫೋನು ಆ್ಯಪ್‌ಗಳ ಸಂಕೇತವನ್ನು ಹೊಸ ವ್ಯವಸ್ಥೆಗೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ, ಅಂದರೆ ಪ್ರೊಸೆಸರ್ ನೇರವಾಗಿ ಓದಬಲ್ಲ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಆಂಡ್ರಾಯ್ಡ್ 7 ಬಂದಂದಿನಿಂದ ಈ ಕೆಲಸದ ಬಹುಭಾಗ ಫೋನು ಸುಮ್ಮನಿದ್ದು ಚಾರ್ಜ್ ಆಗುತ್ತಿರುವಾಗ ಹಿನ್ನೆಲೆಯಲ್ಲಿ ನಡೆಯುತ್ತದೆ. ಆದ್ದರಿಂದ ಕೆಲವು ರಾತ್ರಿ ಚಾರ್ಜಿಗೆ ಹಾಕಿಟ್ಟು ನೋಡದೆ ಬ್ಯಾಟರಿ ಬದಲಿಸುವುದು ದುಂದುಗಾರಿಕೆ.

ನಿಜವಾಗಿ ಕೆಟ್ಟ ಫೋನಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂಬುದು. ಪವರ್ ಗುಂಡಿ ಒತ್ತಿದಾಗ ಪ್ರೊಸೆಸರ್‌ನೊಳಗೇ ಅಚ್ಚಾಗಿರುವ, ಯಾರೂ ಅಳಿಸಲಾಗದ ಬೂಟ್ ರಾಮ್ ಮೊದಲು ಏಳುತ್ತದೆ. ಅದು ಬೂಟ್‌ಲೋಡರ್ ಅನ್ನು, ಅಂದರೆ ಆಂಡ್ರಾಯ್ಡನ್ನು ಶುರುಮಾಡಿಸುವ ಪುಟ್ಟ ಪ್ರೋಗ್ರಾಮನ್ನು, ಪರೀಕ್ಷಿಸಿ ಎಬ್ಬಿಸುತ್ತದೆ. ಬೂಟ್‌ಲೋಡರ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನೂ, ಕರ್ನೆಲ್ ಉಳಿದ ಆಂಡ್ರಾಯ್ಡ್ ಸೇವೆಗಳನ್ನೂ ಎಬ್ಬಿಸುತ್ತವೆ. ಕಂಪನಿಯ ನಿಶ್ಚಲ ಲೋಗೋ ಕಾಣಿಸಿದರೆ ಬೂಟ್‌ಲೋಡರ್ ಬದುಕಿದೆ ಎಂದರ್ಥ. ಕುಣಿಯುವ ಅನಿಮೇಷನ್ ಬಂದರೆ ಕರ್ನೆಲ್ಲೂ ಎದ್ದಿದೆ. ಲಾಕ್ ಪರದೆಯವರೆಗೆ ಬಂದು ಬಿದ್ದರೆ ಸಂಶಯ ಬಹುಪಾಲು ಮೇಲಿನ ಪದರದ ಸಾಫ್ಟ್‌ವೇರ್ ಮೇಲೆಯೇ. ಬಿದ್ದ ಜಾಗ ತಿಳಿದರೆ ಅರ್ಧ ರೋಗ ತಿಳಿದಂತೆ, ಆದರೂ "ಆನ್ ಆಗ್ತಿಲ್ಲ" ಎಂಬ ಎರಡೇ ಪದಗಳಲ್ಲಿ ಗ್ರಾಹಕರು ಈ ಸುಳಿವನ್ನೆಲ್ಲ ನುಂಗಿಬಿಡುತ್ತಾರೆ.

ಮೇಲಿನ ಪದರದ ಕೇಡಿಗೆ 2020ರಲ್ಲಿ ನಡೆದದ್ದು ಒಳ್ಳೆಯ ಉದಾಹರಣೆ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸರೋವರವೊಂದರ ಸುಂದರ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡ ಆಂಡ್ರಾಯ್ಡ್ 10 ಫೋನುಗಳು ಲಾಕ್ ಪರದೆಗೆ ಬಂದು ಕುಸಿಯುತ್ತ, ಮತ್ತೆ ಮತ್ತೆ ಬೂಟ್ ಆಗತೊಡಗಿದವು; ಇದಕ್ಕೇ ಬೂಟ್‌ಲೂಪ್ ಎನ್ನುವುದು. ಚಿತ್ರದಲ್ಲಿ ವೈರಸ್ ಇರಲಿಲ್ಲ. ಅದರ ಬಣ್ಣಗಳು ಸಾಮಾನ್ಯ ಫೋನು ನಿರೀಕ್ಷಿಸುವುದಕ್ಕಿಂತ ವಿಶಾಲವಾದ ವರ್ಣಶ್ರೇಣಿಯಲ್ಲಿ ದಾಖಲಾಗಿದ್ದವು. ಪ್ರತಿ ಚುಕ್ಕೆಯ ಹೊಳಪು 0ರಿಂದ 255ರೊಳಗೆ ಇರುತ್ತದೆಂದು ನಂಬಿ ಬರೆದಿದ್ದ ಲೆಕ್ಕ ಒಂದು ಚುಕ್ಕೆಯಲ್ಲಿ 255ನ್ನು ಮೀರಿತು, ಆ ಸಂಖ್ಯೆಗೆ ಕೋಷ್ಟಕದಲ್ಲಿ ಮನೆ ಇರಲಿಲ್ಲ, ಪರದೆಯನ್ನು ನಿರ್ವಹಿಸುವ ಪ್ರೋಗ್ರಾಮ್ ಬಿತ್ತು. ಹಾರ್ಡ್‌ವೇರ್‌ನ ಒಂದು ಕಣವೂ ಕೆಡದೆ ಫೋನು ಪೂರ್ತಿ ನಿರುಪಯೋಗಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಶುದ್ಧ ಸಾಕ್ಷಿ ಸಿಗುವುದು ಕಷ್ಟ. ಇಂತಹ ಕೇಡಿಗೆ ಬೋರ್ಡಿನ ಬೆಸುಗೆ ಕರಗಿಸುವ ಬಿಸಿಗಾಳಿಯ ಗನ್ ಹಿಡಿಯುವುದು ಅನ್ಯಾಯ.

ಇದರ ಎದುರು ದಡದಲ್ಲಿರುವುದು ಗೂಗಲ್‌ಗಾಗಿ ಹುವಾವೇ ತಯಾರಿಸಿದ ನೆಕ್ಸಸ್ 6ಪಿ ಫೋನಿನ ಕಥೆ, ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಅತ್ಯುತ್ತಮ ಪಾಠ. 2015ರಲ್ಲಿ ಬಂದ ಈ ಫೋನುಗಳು 2016ರಲ್ಲಿ ಆಂಡ್ರಾಯ್ಡ್ 7ರ ಅಪ್‌ಡೇಟ್ ಬಂದ ಬಳಿಕ ಬೂಟ್‌ಲೂಪ್‌ಗೆ ಬೀಳತೊಡಗಿದಾಗ ಬಳಕೆದಾರರು ಸಹಜವಾಗಿಯೇ ಅಪ್‌ಡೇಟ್ ಅನ್ನು ಬೈದರು. ಹಳೆಯ ಆವೃತ್ತಿಗೆ ಮರಳಿದರೂ ಬಹಳ ಫೋನುಗಳು ಸರಿಹೋಗಲಿಲ್ಲ. ಅದರ ಸ್ನ್ಯಾಪ್‌ಡ್ರ್ಯಾಗನ್ 810 ಪ್ರೊಸೆಸರ್‌ನಲ್ಲಿ ಎಂಟು ಕೋರ್‌ಗಳಿದ್ದವು: ಭಾರದ ಕೆಲಸಕ್ಕೆ ನಾಲ್ಕು ದೊಡ್ಡವು, ಹಗುರ ಕೆಲಸಕ್ಕೆ ನಾಲ್ಕು ಚಿಕ್ಕವು. ದೊಡ್ಡ ಕೋರ್‌ಗಳನ್ನು ಎಬ್ಬಿಸದೆ ನಾಲ್ಕು ಚಿಕ್ಕವುಗಳಿಂದಲೇ ಬೂಟ್ ಆಗುವಂತೆ ಹವ್ಯಾಸಿ ತಂತ್ರಜ್ಞರು ಬೂಟ್ ಇಮೇಜನ್ನು, ಅಂದರೆ ಕರ್ನೆಲ್ ಇರುವ ಕಡತವನ್ನು, ತಿದ್ದಿ ಕೊಟ್ಟರು. ಸತ್ತವೆಂದು ಬಿಟ್ಟಿದ್ದ ಅನೇಕ ಫೋನುಗಳು ನಿಧಾನವಾಗಿಯಾದರೂ ಎದ್ದವು. ಅಂದರೆ ದೋಷವಿದ್ದದ್ದು ದೊಡ್ಡ ಕೋರ್‌ಗಳ ಭಾಗದ ಹಾರ್ಡ್‌ವೇರ್‌ನಲ್ಲಿ, ಪರಿಹಾರ ಬಂದದ್ದು ಸಾಫ್ಟ್‌ವೇರ್‌ನಿಂದ. ಅದರ ಫಲ ಸಿಕ್ಕಿದ್ದು, ಹೊರಗಿನವರು ತಿದ್ದಿದ ಸಾಫ್ಟ್‌ವೇರ್ ಹಾಕಲು ಬಿಡುವಂತೆ ಬೂಟ್‌ಲೋಡರ್ ಅನ್‌ಲಾಕ್ ಮಾಡಿಕೊಂಡಿದ್ದವರಿಗೆ. ನಿಯಮ ಪಾಲಿಸಿ ಲಾಕ್ ಮಾಡಿಯೇ ಇಟ್ಟಿದ್ದವರು ಕೈಕಟ್ಟಿ ಕುಳಿತರು. ಈ ವಿವಾದ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ 2019ರಲ್ಲಿ ಗೂಗಲ್ ಮತ್ತು ಹುವಾವೇ ಸುಮಾರು 97.5 ಲಕ್ಷ ಡಾಲರುಗಳ ಒಪ್ಪಂದಕ್ಕೆ ಬಂದವು.

ಪ್ರೊಸೆಸರ್ ಬಳಿಯ ಹಾರ್ಡ್‌ವೇರ್ ಹೀಗೆ ಕೆಡುವುದಕ್ಕೆ ಒಂದು ಸಾಮಾನ್ಯ ಕಾರಣ ಭೌತವಿಜ್ಞಾನದ ಸರಳ ಸಂಗತಿ. ಚಿಪ್‌ನ ಸಿಲಿಕಾನ್ ಬಿಸಿಗೆ ಬಹಳ ಕಡಿಮೆ ಹಿಗ್ಗುತ್ತದೆ, ಅದು ಕುಳಿತ ಬೋರ್ಡು ಅದಕ್ಕಿಂತ ಸುಮಾರು ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ, ಇವೆರಡರ ಜಗ್ಗಾಟವನ್ನು ತಾಳಿಕೊಳ್ಳಬೇಕಾದವು ನಡುವಿನ ಸಣ್ಣ ಬೆಸುಗೆ ಗುಂಡುಗಳು. ಬಿಸಿಯಾಗಿ ತಣಿಯುವ ಪ್ರತಿ ಸುತ್ತೂ ಅವುಗಳ ಮೇಲೆ ಒಂದು ಏಟು. ಅನೇಕ ಫೋನುಗಳಲ್ಲಿ ಪ್ರೊಸೆಸರ್ ಬೆನ್ನ ಮೇಲೆಯೇ ರ್‍ಯಾಮ್ ಚಿಪ್ಪನ್ನೂ ಕೂರಿಸಿರುವುದರಿಂದ ಬಿರುಕು ಬಿಡುವ ಜಾಗಗಳು ಇನ್ನೂ ಹೆಚ್ಚು. ಸೀಸವಿಲ್ಲದ ಇಂದಿನ ಬೆಸುಗೆ ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿಪ್ಪನ್ನು ಎಬ್ಬಿಸಿ, ಹಳೆಯ ಗುಂಡುಗಳನ್ನು ಒರೆಸಿ, ಹೊಸವನ್ನು ಕೂರಿಸುವ ಕೆಲಸಕ್ಕೇ ಅಂಗಡಿಗಳಲ್ಲಿ ರೀಬಾಲ್ ಎನ್ನುವುದು. ಚಿಪ್ಪನ್ನು ಎಬ್ಬಿಸದೆ ಬರಿಯ ಬಿಸಿಗಾಳಿ ಹಾಯಿಸಿದರೂ ಫೋನು ಕೆಲವು ದಿನ ಬದುಕಬಹುದು, ಆದರೆ ಬಿರುಕು ಅಲ್ಲೇ ಇರುತ್ತದೆ. ಬೈಕಿನ ಹ್ಯಾಂಡಲ್‌ಗೆ ಫೋನು ಸಿಕ್ಕಿಸಿ, ಬಿಸಿಲಿನಲ್ಲಿ ಮ್ಯಾಪ್ ಹಾಕಿಕೊಂಡು, ಚಾರ್ಜ್ ಮಾಡುತ್ತ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಡೆಲಿವರಿ ಹುಡುಗರ ಫೋನುಗಳಿಗೆ ಶಾಖದ ಜೊತೆಗೆ ನಡುಕವೂ ಸೇರುತ್ತದೆ. ಬೈಕ್ ಎಂಜಿನ್ನಿನ ಕಂಪನದಿಂದ ಕ್ಯಾಮರಾದ ಚಿತ್ರ ಸ್ಥಿರಗೊಳಿಸುವ ಭಾಗ ಹಾಳಾಗಬಹುದೆಂದು ಆಪಲ್ 2021ರಲ್ಲೇ ಎಚ್ಚರಿಸಿತ್ತು.

ಅನುಭವಸ್ಥ ಮೆಕ್ಯಾನಿಕ್ ಊಹೆ ಮಾಡುವುದಿಲ್ಲ, ಅಳೆಯುತ್ತಾನೆ. ಬ್ಯಾಟರಿ ತೆಗೆದು ಡಿಸಿ ಪವರ್ ಸಪ್ಲೈನಿಂದ ಬೋರ್ಡಿಗೆ ವಿದ್ಯುತ್ ಕೊಟ್ಟು ಆಂಪಿಯರ್ ಮುಳ್ಳನ್ನು ನೋಡುತ್ತಾನೆ. ಪವರ್ ಗುಂಡಿ ಒತ್ತುವ ಮೊದಲೇ ವಿದ್ಯುತ್ ಹರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ಒತ್ತಿದ ಮೇಲೂ ಮುಳ್ಳು ಕದಲದಿದ್ದರೆ ಗುಂಡಿಯ ಪಟ್ಟಿಯಿಂದ ಹಿಡಿದು ವಿದ್ಯುತ್ ಹಂಚುವ ಪವರ್ ಐಸಿಯವರೆಗೆ ಸಂಶಯ. ಸ್ವಲ್ಪ ಏರಿ ಒಂದೇ ಮಟ್ಟದಲ್ಲಿ ನಿಂತರೆ ಪ್ರೊಸೆಸರ್ ಎದ್ದರೂ ಮುಂದಿನ ಹಂತ ಸಿಗದೆ ಕಾಯುತ್ತಿದೆ. ಏರುತ್ತ ಇಳಿಯುತ್ತ ಕುಣಿದರೆ ಬೂಟ್ ನಡೆಯುತ್ತಿದೆ, ಕೆಟ್ಟದ್ದು ಡಿಸ್‌ಪ್ಲೇ ಇರಬಹುದು. ಪೂರ್ತಿ ಕಪ್ಪಾದ ಕ್ವಾಲ್‌ಕಾಮ್ ಪ್ರೊಸೆಸರ್‌ನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ 9008 ಎಂಬ ಸಂಖ್ಯೆಯ ಪೋರ್ಟ್ ಕಾಣಿಸಿಕೊಂಡರೆ ಬೂಟ್ ರಾಮ್ ಮಾತಾಡುತ್ತಿದೆ ಎಂದರ್ಥ, ಆಗ ಆ ಫೋನನ್ನು ಡೆಡ್ ಎನ್ನುವುದು ಅವಸರ.

ಬ್ಯಾಟರಿಯ ಕೇಡು ಸಾಫ್ಟ್‌ವೇರ್ ವೇಷದಲ್ಲಿ ಬರುವುದು ಬಹಳ ಸಾಮಾನ್ಯ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಆಂತರಿಕ ರೋಧ ಹೆಚ್ಚುತ್ತದೆ, ರೋಧ 0.1 ಓಮ್ ಇದ್ದು ಕ್ಯಾಮರಾ ತೆರೆದ ಗಳಿಗೆಯಲ್ಲಿ 3 ಆಂಪಿಯರ್ ಎಳೆದರೆ ವೋಲ್ಟೇಜ್ 0.3ರಷ್ಟು ಕುಸಿದು, ಚಾರ್ಜ್ ಶೇ. 30 ಇದ್ದಾಗಲೇ ಫೋನು ಆಫ್ ಆಗಬಹುದು. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಸರಾಗವಾಗಿ ನಡೆಯುವ ಫೋನಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಐಫೋನ್ 6 ಸಾಲಿನ ಫೋನುಗಳು ಹೀಗೆ ಆಫ್ ಆಗುತ್ತಿದ್ದಾಗ ಆಪಲ್ 2017ರ ಜನವರಿಯ ಐಒಎಸ್ 10.2.1 ಅಪ್‌ಡೇಟ್‌ನಲ್ಲಿ ಪ್ರೊಸೆಸರ್ ವೇಗವನ್ನು ಬ್ಯಾಟರಿಯ ಶಕ್ತಿಗೆ ತಕ್ಕಂತೆ ತಗ್ಗಿಸಿತು, ಆದರೆ ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಷಯ ಹೊರಬಿದ್ದು ಕಂಪನಿ ಕ್ಷಮೆ ಕೇಳಿತು. ತಾಂತ್ರಿಕವಾಗಿ ಆ ಉಪಾಯ ಸರಿಯಾದದ್ದೇ, ಬಚ್ಚಿಟ್ಟದ್ದು ತಪ್ಪು. ಇಲ್ಲಿ ಅಪ್‌ಡೇಟ್ ನಿಜಕ್ಕೂ ಫೋನನ್ನು ನಿಧಾನ ಮಾಡಿತ್ತು, ಆದರೂ ಮದ್ದು ಹೊಸ ಬ್ಯಾಟರಿಯೇ ಆಗಿತ್ತು. 2025ರಲ್ಲಿ ಗೂಗಲ್ ಪಿಕ್ಸೆಲ್ 6ಎ ಫೋನುಗಳಿಗೆ ಕೊಟ್ಟ ಅಪ್‌ಡೇಟ್ ಕೂಡ, ಬ್ಯಾಟರಿ ಅತಿಯಾಗಿ ಬಿಸಿಯಾಗುವ ಅಪಾಯ ತಗ್ಗಿಸಲೆಂದು, 400 ಚಾರ್ಜ್ ಸುತ್ತುಗಳ ಬಳಿಕ ಅದರ ಸಾಮರ್ಥ್ಯವನ್ನು ಬೇಕೆಂದೇ ಇಳಿಸುವಂತಹದು.

ಸ್ಟೋರೇಜ್ ಚಿಪ್ ಸವೆದಾಗಿನ ಲಕ್ಷಣ ಮಾತ್ರ ಭೂತಚೇಷ್ಟೆಯಂತಿರುತ್ತದೆ. ಕೆಲವು ಚಿಪ್‌ಗಳು ಸೋತಾಗ ಓದಲು ಬಿಟ್ಟು ಬರೆಯಲು ಬಿಡುವುದಿಲ್ಲ. ನಿನ್ನೆ ಅಳಿಸಿದ ಫೋಟೋ ರೀಬೂಟ್ ಆದ ಮೇಲೆ ಮತ್ತೆ ಪ್ರತ್ಯಕ್ಷ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಹಳೆಯ ವಾಲ್‌ಪೇಪರ್ ಹಾಗೆಯೇ. ಇಂತಹ ಫೋನಿನಲ್ಲಿ ಅಪ್‌ಡೇಟ್ ಎಂದಿಗೂ ಮುಗಿಯುವುದಿಲ್ಲ. ಇನ್ನು ಪರದೆಯ ಮೇಲೆ ಮೂಡುವ ಹಸಿರು ಗೆರೆ: ಅಪ್‌ಡೇಟ್ ಬೆನ್ನಿಗೇ ಬಂತೆಂದು ನಮ್ಮ ದೇಶದಲ್ಲಿ ಬಹಳ ಮಂದಿ ದೂರಿದ್ದಾರೆ, ಕೆಲವು ಕಂಪನಿಗಳು ಉಚಿತವಾಗಿ ಪರದೆ ಬದಲಿಸಿಯೂ ಕೊಟ್ಟಿವೆ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿನಲ್ಲಿ ನೋಡಿ. ಗೆರೆ ಅದರಲ್ಲಿ ಇಲ್ಲದಿದ್ದರೆ ಕೇಡು ಪರದೆಯದ್ದು ಅಥವಾ ಅದರ ಸಂಪರ್ಕದ್ದು, ಫ್ಲ್ಯಾಶ್ ಮಾಡಿ ಪ್ರಯೋಜನವಿಲ್ಲ.

ರೂಟ್ ಮಾಡಿದ, ಅಂದರೆ ಬಳಕೆದಾರ ವ್ಯವಸ್ಥೆಯ ಮೇಲೆ ಪೂರ್ಣ ಅಧಿಕಾರ ಪಡೆದುಕೊಂಡ, ಫೋನಿನ ಲೆಕ್ಕ ಬೇರೆ, ಏಕೆಂದರೆ ಅಲ್ಲಿ ಕೇಡಿನ ಬಹುಪಾಲು ನಿಜಕ್ಕೂ ಸಾಫ್ಟ್‌ವೇರ್‌ನದು. ಆಂಡ್ರಾಯ್ಡ್ ತನ್ನ ವ್ಯವಸ್ಥಾ ವಿಭಾಗಗಳನ್ನು 4 ಕಿಲೋಬೈಟ್‌ನ ತುಂಡುಗಳಾಗಿ ಪರೀಕ್ಷಿಸುತ್ತ ಬೂಟ್ ಆಗುತ್ತದೆ, 2016ರ ಆಂಡ್ರಾಯ್ಡ್ 7ರಿಂದ ಈ ಪರೀಕ್ಷೆ ಕಡ್ಡಾಯವಾಯಿತು. ರೂಟ್ ಮಾಡುವ ಮ್ಯಾಜಿಸ್ಕ್‌ನಂತಹ ಉಪಕರಣ ಬೂಟ್ ಇಮೇಜನ್ನು ತಿದ್ದುವುದರಿಂದ ಅಪ್‌ಡೇಟ್ ಬಂದಾಗ ತಾಳೆ ತಪ್ಪಿ ಅದು ನಿರಾಕರಿಸಲ್ಪಡುತ್ತದೆ. ಬಲವಂತ ಮಾಡಿದರೆ ಅದರ ಮೂಲಕ ಸೇರಿಸಿದ ಹಳೆಯ ಮಾಡ್ಯೂಲ್ (ಹೆಚ್ಚುವರಿ ತುಣುಕು) ಹೊಸ ವ್ಯವಸ್ಥೆಗೆ ಹೊಂದದೆ ಬೂಟ್‌ಲೂಪ್ ಹುಟ್ಟುತ್ತದೆ. ಅಪ್‌ಡೇಟ್‌ಗೆ ಮೊದಲು ಮೂಲ ಬೂಟ್ ಇಮೇಜನ್ನು ಮರಳಿ ಹಾಕುವುದು, ಬೂಟ್‌ಲೂಪ್ ಆದರೆ ಹೊರಗಿನ ಆ್ಯಪ್‌ಗಳಿಲ್ಲದೆ ಫೋನು ಏಳುವ ಸೇಫ್ ಮೋಡ್‌ಗೆ ಹೋಗುವುದು ಇಲ್ಲಿನ ದಾರಿ, ಏಕೆಂದರೆ ಸೇಫ್ ಮೋಡ್‌ನಲ್ಲಿ ಎದ್ದಾಗ ಮ್ಯಾಜಿಸ್ಕ್ ತನ್ನ ಮಾಡ್ಯೂಲ್‌ಗಳನ್ನೆಲ್ಲ ನಿಷ್ಕ್ರಿಯಗೊಳಿಸುತ್ತದೆ. ಅದೂ ಆಗದಿದ್ದರೆ ಆ ಫೋನಿನ ಅದೇ ಬಿಲ್ಡ್ ಸಂಖ್ಯೆಯ (ಸಾಫ್ಟ್‌ವೇರ್ ಆವೃತ್ತಿಯ) ಬೂಟ್ ಇಮೇಜನ್ನೇ ಫ್ಲ್ಯಾಶ್ ಮಾಡಬೇಕು. ಹತ್ತಿರದ ಬೇರೆ ಬಿಲ್ಡ್ ನಡೆಯುತ್ತದೆ ಎಂಬ ಧೈರ್ಯ ಬೇಡ.

ಹಿಂದಕ್ಕೆ ಹೋಗುವುದರಲ್ಲಿಯೂ ಅಪಾಯವಿದೆ. 2022ರಲ್ಲಿ ಆಂಡ್ರಾಯ್ಡ್ 13ಕ್ಕೆ ಏರಿದ ಪಿಕ್ಸೆಲ್ 6 ಸಾಲಿನ ಫೋನುಗಳಲ್ಲಿ ಬೂಟ್‌ಲೋಡರ್‌ನ ಆವೃತ್ತಿ ಸಂಖ್ಯೆ ಹಿಂತಿರುಗದಂತೆ ಮುಂದಕ್ಕೆ ಸರಿದಿತ್ತು. ಹಳೆಯ ಬೂಟ್‌ಲೋಡರ್ ಹಾಕಿದರೆ ಫೋನು ಏಳುವುದಿಲ್ಲ. ಸ್ಯಾಮ್‌ಸಂಗ್ ಫೋನುಗಳ ನಾಕ್ಸ್ ಫ್ಯೂಸ್, ಅಂದರೆ ಅನಧಿಕೃತ ಸಾಫ್ಟ್‌ವೇರ್ ಹಾಕಿದ್ದನ್ನು ದಾಖಲಿಸುವ ಗುರುತು, ಒಮ್ಮೆ ಸುಟ್ಟರೆ ಯಾವ ಫ್ಲ್ಯಾಶ್‌ನಿಂದಲೂ ಮರಳುವುದಿಲ್ಲ. ತಿದ್ದಿದ ಇಮೇಜ್ ಇರುವಾಗಲೇ ಬೂಟ್‌ಲೋಡರ್ ಅನ್ನು ಮತ್ತೆ ಲಾಕ್ ಮಾಡುವುದು ಎಲ್ಲಕ್ಕಿಂತ ದುಬಾರಿ ಆತುರ; ಪರೀಕ್ಷೆಯಲ್ಲಿ ಸೋತು ಫೋನು ಏಳದೇ ಹೋಗಬಹುದು.

ಫ್ಲ್ಯಾಶ್ ಮಾಡುವ ಭರದಲ್ಲಿ ಎಲ್ಲ ವಿಭಾಗಗಳನ್ನೂ ಅಳಿಸಿದರೆ ಹಾರ್ಡ್‌ವೇರ್ ಕೇಡನ್ನೇ ಹೋಲುವ ಕೇಡು ಬರುತ್ತದೆ. ಸೆನ್ಸರ್‌ಗಳ ಹೊಂದಾಣಿಕೆಯ ಅಂಕಿಗಳು ಪರ್ಸಿಸ್ಟ್ ಎಂಬ ಪುಟ್ಟ ವಿಭಾಗದಲ್ಲಿರುತ್ತವೆ, ಅದು ಹೋದರೆ ಕರೆ ಮಾಡುವಾಗ ಪರದೆ ಆರುವುದಿಲ್ಲ, ಬೆರಳಚ್ಚು ಗುರುತಿಸುವುದಿಲ್ಲ. ಮೋಡೆಮ್ ಮಾಹಿತಿಯ ವಿಭಾಗ ಹೋದರೆ *#06# ಒತ್ತಿದಾಗ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಜಾಗ ಖಾಲಿ, ಸಿಮ್ ಇದ್ದರೂ ನೆಟ್‌ವರ್ಕ್ ಇಲ್ಲ. ಮೊದಲೇ ತೆಗೆದಿಟ್ಟ ಅದೇ ಫೋನಿನ ಬ್ಯಾಕಪ್ ಮರಳಿ ಹಾಕುವುದೊಂದೇ ಇದಕ್ಕೆ ಸರಿಯಾದ ದಾರಿ. ಬೇರೆ ಐಎಂಇಐ ಬರೆದುಕೊಡುತ್ತೇವೆ ಎನ್ನುವವರಿಂದ ದೂರವಿರಬೇಕು, ನಮ್ಮ ದೇಶದಲ್ಲಿ ಅದು ಅಪರಾಧ.

ಪರೀಕ್ಷೆಗಳ ಕ್ರಮ ಹೇಗಿರಬೇಕೆಂದರೆ, ಬಳಕೆದಾರರ ಮಾಹಿತಿಯನ್ನು ಅಳಿಸದವು ಮೊದಲು: ಬೇರೆ ಚಾರ್ಜರ್ ಮತ್ತು ಕೇಬಲ್, ಗುಂಡಿ ಒತ್ತಿಹಿಡಿದು ಬಲವಂತದ ರೀಸ್ಟಾರ್ಟ್, ಸೇಫ್ ಮೋಡ್, ದುರಸ್ತಿಗೆಂದಿರುವ ರಿಕವರಿ ಪರದೆಯಲ್ಲಿ ಕ್ಯಾಶ್ (ತಾತ್ಕಾಲಿಕ ಕಡತಗಳು) ಅಳಿಸುವ ಸೌಲಭ್ಯವಿದ್ದರೆ ಅದು, ಸ್ಯಾಮ್‌ಸಂಗ್ ಆದರೆ *#0*# ಒತ್ತಿ ಬರುವ ಹಾರ್ಡ್‌ವೇರ್ ಪರೀಕ್ಷೆ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಅವಕಾಶವಿದ್ದು, ಹೊಸದು ಕೆಲವು ಸಲ ಬೂಟ್ ಆಗಲು ಸೋತರೆ ಬೂಟ್‌ಲೋಡರ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಇಂತಹ ಫೋನು ಅಪ್‌ಡೇಟ್ ನಂತರ ಲೋಗೋ ಕೂಡ ತೋರಿಸದೆ ಕಪ್ಪಾಗಿ ಕುಳಿತರೆ ಮೊದಲು ಹಾರ್ಡ್‌ವೇರ್ ಮೇಲೆಯೇ ಸಂಶಯಪಡಬೇಕು. ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯದು. ಬೋರ್ಡ್ ಕೆಲಸಕ್ಕೆ ಕೊಡುವಾಗ ಒಳಗಿನ ಫೋಟೋಗಳು ಬೇಕೋ, ಫೋನಷ್ಟೇ ಸಾಕೋ ಎಂಬುದನ್ನು ಮೊದಲೇ ಹೇಳಬೇಕಾಗುತ್ತದೆ. ಇಂದಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಪ್ರೊಸೆಸರ್‌ನೊಳಗಿನ ರಹಸ್ಯ ಸಂಖ್ಯೆ ಮತ್ತು ಪರದೆಯ ಲಾಕ್ ಎರಡಕ್ಕೂ ಕಟ್ಟುಬಿದ್ದಿರುತ್ತದೆ. ಸ್ಟೋರೇಜ್ ಚಿಪ್ಪನ್ನು ಮಾತ್ರ ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಏನೂ ಓದಲಾಗದು, ಮೂಲ ಪ್ರೊಸೆಸರ್ ಕೂಡ ಜೊತೆಗೆ ಹೋಗಬೇಕು, ಬೋರ್ಡನ್ನೇ ಬದಲಿಸಿದರೆ ಫೋನು ಮರಳುತ್ತದೆ, ಫೋಟೋಗಳು ಮರಳುವುದಿಲ್ಲ.